ಶೇಂಗಾ ಹಿಂಡಿ ಮೇಲಿನ ಕಿತ್ತಳೆ ಪುಡಿ: ಅದನ್ನ ತಡೆಯೋಕೆ ಯಾವ ಜೀನ್ ಕೆಡಿಸಬೇಕು?

[ದೃಶ್ಯ: ಚಳ್ಳಕೆರೆಯ ಎಣ್ಣೆ ಮಿಲ್, ಹಿಂಡಿ ಚೀಲಗಳ ಸಾಲು]

ನಮಸ್ಕಾರ. ಚಳ್ಳಕೆರೆ ಅಂದ್ರೆ ಶೇಂಗಾ ಎಣ್ಣೆ. ಎಣ್ಣೆ ಇಳಿಸಿದ ಮೇಲೆ ಉಳಿಯೋ ಹಿಂಡಿ ನಮ್ಮಲ್ಲಿ ದನಗಳ ಪಾಲು. ಇಂಡೋನೇಷ್ಯಾದ ಪಶ್ಚಿಮ ಜಾವಾದಲ್ಲಿ ಇದೇ ಹಿಂಡಿಯನ್ನ ನೆನೆಸಿ, ಹಬೆಯಲ್ಲಿ ಬೇಯಿಸಿ, ಬೂಷ್ಟು ಹತ್ತಿಸಿ ಜನ ಊಟಕ್ಕೆ ಬಳಸ್ತಾರೆ. ಅದರ ಹೆಸರು ಒಂಚೊಂ. ಬೂಷ್ಟು ನ್ಯೂರೋಸ್ಪೋರಾ ಇಂಟರ್‌ಮೀಡಿಯಾ, ಕಡು ಕಿತ್ತಳೆ ಬಣ್ಣದ್ದು.

ಆ ಬಣ್ಣ ಇರೋದು ಬೂಷ್ಟು ಹರಡೋ ಪುಡಿಯಂಥ ಬೀಜಕಣಗಳಲ್ಲಿ, ತೊಂದರೆಯೂ ಅಲ್ಲೇ. ಓದುವಾಗ ಲ್ಯಾಬಲ್ಲಿ ಇದರ ನಳಿಕೆಯ ಹತ್ತಿ ಬಿರಡೆ ತೆಗೆದೆ, ಅಷ್ಟೆ. ಕಿತ್ತಳೆ ಪುಡಿ ಹೊಗೆ ಹಾಗೆ ಎದ್ದಿತು. ಮೂರೇ ದಿನಕ್ಕೆ ಪಕ್ಕದವರ ತಟ್ಟೆಗಳಲ್ಲೂ ಅದೇ ಬೂಷ್ಟು. ಆಹಾರ ತಯಾರಿಸೋ ಜಾಗದಲ್ಲಿ ಹೀಗಾದ್ರೆ ಕೆಲಸ ನಿಂತ ಹಾಗೆ.

[ದೃಶ್ಯ: ಸೂಕ್ಷ್ಮದರ್ಶಕದಲ್ಲಿ ಮಣಿಸರದಂಥ ಬೀಜಕಣಗಳು]

ಇದರ ಹತ್ತಿರದ ಬಳಗ ನ್ಯೂರೋಸ್ಪೋರಾ ಕ್ರಾಸಾ. 1941ರಲ್ಲಿ ಬೀಡಲ್, ಟೇಟಮ್ ಅನ್ನೋ ವಿಜ್ಞಾನಿಗಳು ಅದರ ಮೇಲೆ ಪ್ರಯೋಗ ಮಾಡಿ, ಜೀನ್‌ಗಳು ಕಿಣ್ವಗಳನ್ನ ಹಿಡಿತದಲ್ಲಿಡ್ತವೆ ಅಂತ ತೋರಿಸಿದ್ರು. 1958ರಲ್ಲಿ ನೊಬೆಲ್ ಬಂತು. ಬೀಜಕಣದ ಕಥೆ ನಮಗೆ ಸಿಕ್ಕಿದ್ದೂ ಹೆಚ್ಚಾಗಿ ಈ ಕ್ರಾಸಾದಿಂದಲೇ.

ಆಹಾರ ಮುಗೀತಾ ಬಂದು, ಗಾಳಿ ತಾಗಿ ಒಣಗಿದಾಗ ಎಳೆಗಳು ಮೇಲಕ್ಕೆ ಏಳ್ತವೆ. ಆಗ ಫ್ಲಫಿ ಅನ್ನೋ ಜೀನ್ ಎಚ್ಚರಗೊಂಡು ಬೀಜಕಣ ಕಟ್ಟೋ ಬೇರೆ ಜೀನ್‌ಗಳನ್ನ ಎಬ್ಬಿಸುತ್ತೆ. ಅದು ಕೆಟ್ಟರೆ ಪುಡಿಯೇ ಇಲ್ಲ, ಅರಳೆಯಂಥ ಬಿಳಿ ಎಳೆ ಮಾತ್ರ. ಇನ್ನೊಂದು ಜೀನ್ ಇಎಎಸ್. ಕಣದ ಮೈಗೆ ನೀರು ಹತ್ತದ ಹೊದಿಕೆ ಕೊಡೋದು ಇದು. ಅದರ ಮೇಲೆ ನೀರ ಹನಿ ಕೆಸುವಿನೆಲೆ ಮೇಲೆ ಉರುಳೋ ಹಾಗೆ ಉರುಳುತ್ತೆ. ಇದಿಲ್ಲದಿದ್ರೆ ಕಣ ಒದ್ದೆಯಾಗಿ ಅಂಟಿಕೊಳ್ಳುತ್ತೆ.

ನನಗೆ ತುಂಬಾ ಹಿಡಿಸಿದ್ದು ಕಟ್ಟಿದ ಕಣಗಳನ್ನ ಬಿಡಿಬಿಡಿ ಮಾಡೋ ಸಿಎಸ್‌ಪಿ ಜೀನ್‌ಗಳು. ಇವು ಕೆಟ್ಟಾಗಲೂ ಬೀಜಕಣಗಳ ಮಣಿಸರ ಕಟ್ಟುತ್ತೆ, ಮಣಿ ಮಾತ್ರ ಬಿಡಿಯಾಗೋದಿಲ್ಲ. ನಳಿಕೆ ಬೋರಲು ಹಾಕಿ ತಟ್ಟಿ ನೋಡಿ, ಪುಡಿ ಉದುರಲ್ಲ. ವಿದ್ಯಾರ್ಥಿಗಳ ಲ್ಯಾಬಿಗೆ ಇಂಥ ತಳಿಯೇ ಒಳ್ಳೇದು. ಆಹಾರಕ್ಕೂ ಫ್ಲಫಿ ಕೆಡಿಸೋದಕ್ಕಿಂತ ಇದೇ ಜಾಣತನ ಅಂತ ನನ್ನ ಅಭಿಪ್ರಾಯ. ಮುಂದಿನ ಸಲಕ್ಕೆ ಬಿತ್ತೋಕೆ ಕಣ ಬೇಕಲ್ಲ! ಬಣ್ಣವೂ ಉಳಿಯುತ್ತೆ.

[ದೃಶ್ಯ: ಹಸಿರು ಬೂಷ್ಟು ಹತ್ತಿದ ಶೇಂಗಾ ಕಾಳು, ಹತ್ತಿರದಿಂದ]

ಇದನ್ನ ಕೇಳಿ ಮನೆಯ ಹಿಂಡಿಗೆ ತಾನಾಗಿ ಹತ್ತಿದ ಬೂಷ್ಟನ್ನ ದಯವಿಟ್ಟು ತಿನ್ನಬೇಡಿ. ನಮ್ಮ ಶೇಂಗಾಕ್ಕೆ ಹತ್ತೋ ಹಳದಿ-ಹಸಿರು ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್ ಆಗಿರಬಹುದು. ಅದರಲ್ಲಿ ಬೀಜಕಣದ ಕೀಲಿ ಬೇರೆ, ಬಿಆರ್‌ಎಲ್‌ಎ ಅನ್ನೋ ಜೀನ್. ಈ ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷವನ್ನೂ ಮಾಡುತ್ತೆ. ಅಂಥ ಹಿಂಡಿ ಎಮ್ಮೆಗೂ ಹಾಕಬೇಡಿ, ವಿಷ ಹಾಲಿಗೂ ಇಳಿಯುತ್ತೆ.