ಎಕರೆ ಸಿಕ್ಕಿತು, ಪಹಣಿ ಸಿಗಲಿಲ್ಲ

ಕೇಳುಗರಿಗೆ ನಮಸ್ಕಾರ.

ಕುಶಾಲನಗರದಲ್ಲಿ ಆಟೋ ಹತ್ತಿ ಬೈಲಕುಪ್ಪೆ ಎಂದರೆ ಚಾಲಕ ಕೇಳುವುದು ಒಂದೇ ಮಾತು: ‘ಎಷ್ಟನೇ ಕ್ಯಾಂಪು?’ ಅಲ್ಲಿ ಡೇರೆಗಳಿಲ್ಲ, ಮುಸುಕಿನ ಜೋಳದ ಹೊಲಗಳಿವೆ. ಆದರೂ ಟಿಬೆಟನ್ ನಿರಾಶ್ರಿತರು ನೆಲೆಸಿ ಆರು ದಶಕ ಕಳೆದ ಮೇಲೂ ಅದು ಕ್ಯಾಂಪೇ.

1959ರ ಮಾರ್ಚ್ ಕೊನೆಗೆ ಟಿಬೆಟಿನ ಧರ್ಮಗುರು ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ಜನರನ್ನು ಅಸ್ಸಾಮಿನ ಮಿಸಾಮರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ಇಳಿಸಲಾಯಿತು. ಥಂಡಿ ನಾಡಿನವರಿಗೆ ಅಲ್ಲಿಯ ಸೆಕೆ ತಡೆಯಲಿಲ್ಲ, ಕ್ಷಯ ಹಬ್ಬಿತು. ಗಟ್ಟಿಮುಟ್ಟಾದವರು ಹಿಮಾಲಯದ ರಸ್ತೆ ಕೂಲಿಗೆ ಹೋದರು. ಇದು ಬಹಳ ದಿನ ನಡೆಯದೆಂದು ನೆಹರೂ ರಾಜ್ಯಗಳಲ್ಲಿ ಜಮೀನು ಕೇಳಿದರು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಬಿಟ್ಟುಕೊಟ್ಟಿತು.

ಲೆಕ್ಕ ಸರಳ: ತಲೆಗೊಂದು ಎಕರೆ. ಐದು ಜನರ ಮನೆಗೆ ಐದು ಎಕರೆ. ಜನರನ್ನು ಊರೂರಿಗೆ ಚದುರಿಸದೆ ಒಂದೇ ಕಡೆ ಕೂರಿಸಿದ್ದು ಜಾಣತನ. ಭಾಷೆ, ಮಠ, ಶಾಲೆ ಉಳಿದದ್ದು ಅದರಿಂದಲೇ. ಬಾರ್ಲಿ ಬಲ್ಲವರು ಮರ ಕಡಿದು, ಬೇರು ಕಿತ್ತು, ಆನೆ ಕಾಯುತ್ತ ಜೋಳ ಕಲಿತರು. ಹೊಲವೆಲ್ಲ ಮಳೆಯಾಶ್ರಿತ, ಮಳೆ ಕೈಕೊಟ್ಟರೆ ವರ್ಷದ ಗಂಜಿಯೂ ಹೋಯಿತು. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಸ್ವೆಟರ್ ಮಾರಲು ಬರುತ್ತಾರಲ್ಲ, ಆ ವ್ಯಾಪಾರ ಈ ಕೊರತೆಯನ್ನು ತುಂಬುತ್ತದೆ. ಇಂಥದೇ ಕ್ಯಾಂಪುಗಳು 1966ರಲ್ಲಿ ಮುಂಡಗೋಡದಲ್ಲಿ, 1972ರಲ್ಲಿ ಹುಣಸೂರಿನ ಗುರುಪುರದಲ್ಲಿ ಎದ್ದವು. ಸ್ವಸಹಾಯ ಸಂಘಗಳಿಂದ ನಮಗೆ ಗೊತ್ತಿರುವ ‘ಮೈರಾಡ’ ಸಂಸ್ಥೆ ಕೂಡ 1968ರಲ್ಲಿ ಹುಟ್ಟಿದ್ದು ಈ ಕೆಲಸಕ್ಕೇ. ಹೆಸರು ಬಿಡಿಸಿದರೆ ‘ಮೈಸೂರು ಪುನರ್ವಸತಿ’ ಎಂದೇ ಶುರುವಾಗುತ್ತದೆ.

ಎಡವಿದ್ದು ಕಾಗದದಲ್ಲಿ. ತಲೆ ಎಣಿಸಿದ್ದು ಒಂದೇ ಸಲ. ಆಮೇಲೆ ಹುಟ್ಟಿದ ಮಕ್ಕಳಿಗೆ ಹೊಸ ಎಕರೆ ಬರಲಿಲ್ಲ. ಭೂಮಿ ಸರ್ಕಾರದ್ದು, ಉಳುಮೆ ಮಾತ್ರ ಇವರದು. ಮಾರುವಂತಿಲ್ಲ, ಅಡವಿಡುವಂತಿಲ್ಲ. 2014ರಲ್ಲಿ ಕೇಂದ್ರದ ಟಿಬೆಟನ್ ಪುನರ್ವಸತಿ ನೀತಿ ಬಂದ ಮೇಲಷ್ಟೇ 20 ವರ್ಷದ ಗುತ್ತಿಗೆ ಪತ್ರದ ಮಾತು ಬಂತು.

ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಮ್ಮ ಕಾನೂನಿನಲ್ಲಿ ಇವರು ವಿದೇಶಿಯರು. ಕೈಯಲ್ಲಿರುವುದು ‘ಆರ್‌ಸಿ’ ಎಂಬ ನೋಂದಣಿ ಪುಸ್ತಕ, ಆಗಾಗ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರೆಂದು ಪೌರತ್ವ ಕಾಯ್ದೆಯಲ್ಲೇ ಇದೆ. ಅದು ಟಿಬೆಟನ್ನರಿಗೂ ಅನ್ವಯ ಎಂದು ಹೇಳಲು 2010ರಲ್ಲಿ ದೆಹಲಿ ಹೈಕೋರ್ಟೇ ಬೇಕಾಯಿತು. 2017ರಲ್ಲಿ ಕೇಂದ್ರ ಷರತ್ತು ಹಾಕಿತು: ಪಾಸ್‌ಪೋರ್ಟ್ ಬೇಕಾದರೆ ಆರ್‌ಸಿ ಹಿಂದಿರುಗಿಸಿ, ಕ್ಯಾಂಪು ಬಿಟ್ಟು ಹೊರಡಬೇಕು.