ಕಿವಿಯೊಳಗೆ ಮಣಿ: ಮೊದಲು ಆ ಪಿನ್ನು ಕೆಳಗಿಡಿ

ಕೇಳುಗರಿಗೆಲ್ಲ ನಮಸ್ಕಾರ.

ಮಂಗಳೂರಿನ ಒಂದು ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು ನಾನು. ಕ್ಯಾಶುವಲ್ಟಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬೈಕ್ ಅಪಘಾತ, ಎದೆನೋವು, ಹಾವು ಕಡಿದದ್ದು. ಆದರೆ ಅಲ್ಲಿಗೆ ಇನ್ನೊಂದು ಜಾತಿಯ ಪುಟ್ಟ ಗಿರಾಕಿಗಳೂ ಬರುತ್ತಾರೆ. ಜ್ವರ ಇಲ್ಲ, ಗಾಯ ಇಲ್ಲ. ಅಪ್ಪನ ಹೆಗಲ ಮೇಲೆ ಕೂತು ಆರಾಮಾಗಿ ಸುತ್ತಮುತ್ತ ನೋಡುತ್ತಿರುತ್ತಾರೆ. ಗಾಬರಿ ಏನಿದ್ದರೂ ಎತ್ತಿಕೊಂಡು ಬಂದವರದ್ದು. “ಸಿಸ್ಟರ್, ಇವಳು ಕಿವಿಗೆ ಎಂತದೋ ಹಾಕಿಕೊಂಡಿದ್ದಾಳೆ, ಬೇಗ ನೋಡಿ!”

ಎಂತದೋ ಅಂದರೆ ಏನೆಲ್ಲ ಇರಬಹುದು? ಫ್ರಾಕಿಗೆ ಹೊಲಿದ ಪ್ಲಾಸ್ಟಿಕ್ ಮುತ್ತು. ಪೆನ್ಸಿಲಿನ ಹಿಂದಿನ ರಬ್ಬರು. ಕ್ರೆಯಾನಿನ ತುಂಡು, ಥರ್ಮಾಕೋಲಿನ ಕಾಳು, ಉಂಡೆ ಮಾಡಿದ ಕಾಗದ. ಅಡುಗೆ ಮನೆಯಿಂದ ಹೆಸರು, ಕಡಲೆ. ಮಳೆಗಾಲದ ಆಟಿ ತಿಂಗಳಲ್ಲಿ ಆಡಲು ಚೆನ್ನೆಮಣೆ ಹೊರಗೆ ತೆಗೆಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ ಅಲ್ವಾ? 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಅದಕ್ಕೆ ಹಾಕುವ ಮಂಜೊಟ್ಟಿ ಅನ್ನುವ ಕೆಂಪು ಬೀಜ ಸಣ್ಣ ಮಕ್ಕಳ ಕಿವಿಗೆ ಸ್ವಲ್ಪ ದೊಡ್ಡದು, ಹೊರಗೇ ನಿಲ್ಲುತ್ತದೆ. ಗುಲಗಂಜಿ ಹಾಗಲ್ಲ, ಸೀದಾ ಒಳಗೆ ಹೋಗಿ ಕೂತುಬಿಡುತ್ತದೆ. ಅದನ್ನು ಜಗಿದು ನುಂಗಿದರೆ ವಿಷ ಅನ್ನುವುದೂ ನೆನಪಿರಲಿ. ಮಕ್ಕಳ ಕೈಗೆ ಕೊಡುವ ವಸ್ತುವೇ ಅಲ್ಲ ಅದು.

ಎರಡರಿಂದ ಆರೇಳು ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. ಯಾಕೆ ಹಾಕಿಕೊಂಡೆ ಅಂತ ಕೇಳಿ ಪ್ರಯೋಜನ ಇಲ್ಲ. ತೂತು ಇತ್ತು, ಕೈಯಲ್ಲಿ ಮಣಿ ಇತ್ತು, ಅಷ್ಟೇ. ಕೆಲವು ಸಲ ಕಿವಿ ತುರಿಸುತ್ತಿರುತ್ತದೆ, ಕೆಲವು ಸಲ ಪಕ್ಕದ ಮನೆಯ ಮಗು ಹಾಕಿರುತ್ತದೆ. ಬೈಯುತ್ತಾರೆ ಅಂತ ಹೆದರಿ ಹೇಳದೆ ಉಳಿಯುವ ಮಕ್ಕಳೂ ಇದ್ದಾರೆ. ಅಂಥದ್ದು ವಾರಗಟ್ಟಲೆ ಒಳಗೇ ಇರುತ್ತದೆ. ಆಮೇಲೆ ಒಂದೇ ಕಿವಿಯಿಂದ ಕೀವು ಸೋರುತ್ತದೆ, ಕೆಟ್ಟ ವಾಸನೆ ಬರುತ್ತದೆ, ಇಲ್ಲವೇ ಆ ಕಡೆಯಿಂದ ಕರೆದರೆ ಮಗು ತಿರುಗುವುದಿಲ್ಲ. ಒಂದೇ ಕಿವಿಯ ಸೋರುವಿಕೆ ಅಂದರೆ ಒಳಗೆ ಏನಾದರೂ ಇದೆಯಾ ಅಂತ ನೋಡಿಸಲೇಬೇಕು.

ಈಗ ನಾನು ಹೇಳಲು ಬಂದ ಮುಖ್ಯ ವಿಷಯ. ಮಣಿ ಹಾಕಿಕೊಂಡದ್ದರಿಂದ ಆಗುವ ತೊಂದರೆ ಸಾಮಾನ್ಯವಾಗಿ ಸಣ್ಣದು. ಅದನ್ನು ತೆಗೆಯಲು ಹೋಗಿ ಮನೆಯಲ್ಲಿ ಮಾಡುವ ಸಾಹಸದಿಂದ ಆಗುವುದೇ ದೊಡ್ಡದು.

ಯಾಕೆ ಅಂತ ತಿಳಿಯಬೇಕಾದರೆ ಕಿವಿಯೊಳಗಿನ ದಾರಿ ಹೇಗಿದೆ ನೋಡಬೇಕು. ದೊಡ್ಡವರಲ್ಲಿ ಅದು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಮಕ್ಕಳಲ್ಲಿ ಇನ್ನೂ ಕಡಿಮೆ. ನೇರವಾಗಿಯೂ ಇಲ್ಲ, ಸ್ವಲ್ಪ ಸೊಟ್ಟ. ಹೊರಗಿನ ಭಾಗಕ್ಕೆ ಮೆದು ಎಲುಬಿನ ಆಸರೆ, ಒಳಗಿನ ಭಾಗಕ್ಕೆ ಗಟ್ಟಿ ಎಲುಬು. ಎರಡೂ ಸೇರುವಲ್ಲಿ ದಾರಿ ಕಿರಿದಾಗುತ್ತದೆ. ಮಗು ಹಾಕಿಕೊಂಡ ವಸ್ತು ಎಷ್ಟೋ ಸಲ ಆ ಕಿರಿದಾದ ಜಾಗದ ಹೊರಗೇ ನಿಂತಿರುತ್ತದೆ. ಪಿನ್ನು ಹಾಕಿ ಕೆದಕಿದಿರೋ, ಅದು ಜಾರಿ ಆಚೆ ಹೋಯಿತು. ಅಲ್ಲಿಂದ ಮುಂದೆ ಎಲುಬಿನ ಮೇಲೆ ತೆಳ್ಳಗಿನ ಚರ್ಮ ಮಾತ್ರ. ಸುಮ್ನೆ ತಾಗಿದರೂ ಜೀವ ಹೋಗುವಷ್ಟು ನೋವು, ಗೀರಿದರೆ ರಕ್ತ. ಅದರಾಚೆ ಕಿವಿಯ ತಮಟೆ.

ಹೇರ್‌ಪಿನ್, ಸೇಫ್ಟಿ ಪಿನ್, ಬೆಂಕಿಕಡ್ಡಿ, ಬಡ್ಸ್, ಹುಬ್ಬು ಕೀಳುವ ಚಿಮಟ, ಎಲ್ಲವನ್ನೂ ನೋಡಿದ್ದೇನೆ. ಈಗ ಮೊಬೈಲ್ ನೋಡಿ ಕಡ್ಡಿಯ ತುದಿಗೆ ಗಮ್ ಹಚ್ಚಿ ತೆಗೆಯಲು ಹೊರಡುವವರೂ ಇದ್ದಾರೆ. ಮಾರಾಯ್ರೆ, ಆ ಗಮ್ ಮಣಿಗೆ ಮಾತ್ರ ಅಂಟುತ್ತದೆ ಅಂತ ಯಾರು ಹೇಳಿದ್ದು?

ಹಾಗಾದರೆ ಮನೆಯಲ್ಲಿ ಏನೂ ಮಾಡಬಾರದಾ? ಸ್ವಲ್ಪ ಮಾಡಬಹುದು. ಆ ಕಿವಿ ಕೆಳಗೆ ಬರುವ ಹಾಗೆ ಮಗುವಿನ ತಲೆ ಓರೆ ಮಾಡಿ, ಕಿವಿಯನ್ನು ಮೆಲ್ಲ ಹಿಂದಕ್ಕೆ ಎಳೆದು ನೋಡಿ. ತಾನಾಗಿ ಬಿದ್ದರೆ ಬೀಳಲಿ. ಕಾಗದದ ತುದಿ ಹೊರಗೆ ಕಾಣುತ್ತಿದ್ದರೆ ಬೆರಳಲ್ಲಿ ಹಿಡಿದು ಎಳೆಯಬಹುದು. ಅಲ್ಲಿಗೆ ನಿಲ್ಲಿಸಿ. ನೀರು ಹಾಕಿ ತೊಳೆಯುವುದು ಬೇಡ. ಒಳಗಿರುವುದು ಕಾಳಾಗಿದ್ದರೆ ಕೋಸಂಬರಿಗೆ ನೆನೆಹಾಕಿದ ಬೇಳೆಯ ಹಾಗೆ ಅಲ್ಲೇ ಉಬ್ಬುತ್ತದೆ, ಮತ್ತೆ ತೆಗೆಯುವವರಿಗೂ ಕಷ್ಟ. ಪಣಂಬೂರಿನಲ್ಲೋ ಮಲ್ಪೆಯಲ್ಲೋ ತೆರೆಯಲ್ಲಿ ಆಡಿ ಬಂದ ಮಗುವಿನ ಕಿವಿಯಲ್ಲಿ ನಾಲ್ಕು ಮರಳಿನ ಕಣ ಇದ್ದರೆ ಅದಕ್ಕೂ ಬಡ್ಸ್ ಬೇಡ. ಕಿವಿಯ ಚರ್ಮ ಒಳಗಿನಿಂದ ಹೊರಗೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಗುಗ್ಗೆಯ ಜೊತೆ ಮರಳೂ ಹೊರಗೆ ಬರುತ್ತದೆ.

ಹುಳ ಹೊಕ್ಕರೆ ಲೆಕ್ಕ ಬೇರೆ. ಮಳೆ ಹಿಡಿದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳ, ರಾತ್ರಿ ಚಾಪೆಯ ಮೇಲೆ ಮಲಗಿದಾಗ ನುಗ್ಗುವ ಇರುವೆ, ಜಿರಲೆ ಮರಿ. ಜೀವ ಇರುವ ಹುಳ ತಮಟೆಯ ಹತ್ತಿರ ಓಡಾಡಿದರೆ ಮಗು ಕಿರುಚಿ ಮನೆ ಎಬ್ಬಿಸುತ್ತದೆ. ಆಗ ಮಾತ್ರ ಎಣ್ಣೆ ಸರಿ. ಬಿಸಿ ಮಾಡದ ತೆಂಗಿನೆಣ್ಣೆ, ಆ ಕಿವಿ ಮೇಲೆ ಮಾಡಿ ಮಲಗಿಸಿ ಕೆಲವು ಹನಿ. ಹುಳ ಸಾಯುತ್ತದೆ, ಒದ್ದಾಟ ನಿಲ್ಲುತ್ತದೆ. ಮೊದಲೇ ಕಿವಿ ಸೋರುವ ಮಗು, ತಮಟೆಯಲ್ಲಿ ತೂತು ಇರುವ ಮಗು ಆದರೆ ಅದೂ ಬೇಡ. ಸತ್ತ ಹುಳವನ್ನು ಡಾಕ್ಟರರೇ ತೆಗೆಯಲಿ. ವಾರವಾರ ಕಿವಿಗೆ ಎಣ್ಣೆ ಬಿಡುವ ನಮ್ಮ ಅಜ್ಜಿಯರಿಗೆ ಈ ಒಂದು ಕಡೆ ಪೂರ್ತಿ ಮಾರ್ಕು. ಉಳಿದ ದಿನಗಳಲ್ಲಿ ಕೊಡಲಾರೆ. ಕರಾವಳಿಯ ಈ ಸೆಕೆ, ತೇವಕ್ಕೆ ಎಣ್ಣೆಯೂ ಸೇರಿದರೆ ಕಿವಿಯಲ್ಲಿ ಬೂಸ್ಟು ಬೆಳೆಯಲು ಅನುಕೂಲ.

ಇನ್ನು ಬಟನ್ ಬ್ಯಾಟರಿ. ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ವಾಚು, ರಿಮೋಟು, ಮಿನುಗುವ ಆಟಿಕೆ, ಹಾಡುವ ಗ್ರೀಟಿಂಗ್ ಕಾರ್ಡು, ಕಿವಿ ಕೇಳಿಸದವರ ಯಂತ್ರ, ಇವುಗಳಲ್ಲಿ ಇರುವ ಚಪ್ಪಟೆ ಸೆಲ್. ಕಿವಿಯ ಒದ್ದೆ ಚರ್ಮಕ್ಕೆ ಅದು ತಾಗಿದರೆ ಸಾಕು, ಕರೆಂಟು ಹರಿಯಲು ಶುರುವಾಗುತ್ತದೆ. ಸೆಲ್ಲಿನ ಮೈನಸ್ ಕಡೆಯಲ್ಲಿ ಕ್ಷಾರ ಹುಟ್ಟಿ ಚರ್ಮವನ್ನು ಸುಡುತ್ತದೆ. ಸೆಲ್ ಸೋರಬೇಕಾಗಿಯೂ ಇಲ್ಲ. ಎರಡು ಗಂಟೆಯೊಳಗೆ ಆಳವಾದ ಗಾಯ ಆಗಬಹುದು, ತಮಟೆ ತೂತಾಗಬಹುದು. ಎಣ್ಣೆ, ನೀರು, ಕಿವಿಯ ಡ್ರಾಪ್ಸ್ ಯಾವುದೂ ಬೇಡ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಗಲೇ ಹೊರಡಬೇಕು. ಸುಬ್ರಹ್ಮಣ್ಯದ ಕಡೆಯವರೋ ಬೈಂದೂರಿನವರೋ ಆಗಿದ್ದರೆ ಹೊರಡುವ ಮೊದಲು ಒಂದು ಫೋನ್ ಮಾಡಿ, ಈಗ ಇಎನ್‌ಟಿ, ಅಂದರೆ ಕಿವಿ ಮೂಗು ಗಂಟಲಿನ ಡಾಕ್ಟರು ಸಿಗುತ್ತಾರಾ ಅಂತ ಕೇಳಿ. ಮಂಗಳೂರು, ಮಣಿಪಾಲದಲ್ಲಿ ಮೆಡಿಕಲ್ ಕಾಲೇಜುಗಳಿರುವುದು ಇಂಥ ಹೊತ್ತಿಗೆ ನಮ್ಮ ಪುಣ್ಯ. ಗಾಡಿ ಇಲ್ಲದಿದ್ದರೆ 108 ಆಂಬುಲೆನ್ಸ್ ಇದೆ. ಒಳಗಿರುವುದು ಬ್ಯಾಟರಿ ಅಂತ ಅನುಮಾನ ಇದ್ದರೂ ಕೌಂಟರಿನಲ್ಲೇ ಹೇಳಿ. ಚೀಟಿಗೆ ಕ್ಯೂ ನಿಲ್ಲಬೇಡಿ.

ಪ್ಲಾಸ್ಟಿಕ್ ಮಣಿಯೋ, ನೋವಿಲ್ಲ, ರಕ್ತ ಇಲ್ಲ, ಮಗು ಆಟ ಆಡುತ್ತಿದೆ ಅಂತಾದರೆ ಅಷ್ಟು ಅವಸರ ಇಲ್ಲ. ನಡುರಾತ್ರಿ ಓಡಿ ಬರುವುದಕ್ಕಿಂತ ಬೆಳಿಗ್ಗೆ ಇಎನ್‌ಟಿ ಒಪಿಡಿಗೆ ಬಂದರೆ ಕೆಲಸ ಚೆನ್ನಾಗಿ ಆಗುತ್ತದೆ. ಅಲ್ಲಿ ಮೈಕ್ರೋಸ್ಕೋಪ್ ಇರುತ್ತದೆ, ಪಳಗಿದ ಕೈ ಇರುತ್ತದೆ. ಹೀಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತಿತ್ತು. ಮೂಗಿಗೆ ಹಾಕಿಕೊಂಡದ್ದಾದರೆ ಮಾತ್ರ ಬೆಳಿಗ್ಗೆ ತನಕ ಕಾಯಬೇಡಿ, ಅದು ಜಾರಿ ಉಸಿರಿನ ನಳಿಗೆಗೆ ಹೋಗುವ ಅಪಾಯ ಉಂಟು.

ಕ್ಯಾಶುವಲ್ಟಿಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಗೊತ್ತಿದ್ದರೆ ಹೆದರಿಕೆ ಕಡಿಮೆ. ನಾಲ್ಕು ವರ್ಷದ ಒಂದು ಹುಡುಗಿ, ಕಿವಿಯಲ್ಲಿ ಬಿಳಿ ಮುತ್ತು. ಜೊತೆಗೆ ಅಮ್ಮ, ಅಜ್ಜಿ. ಅಜ್ಜಿಯ ಕೈಯಲ್ಲಿ ಇನ್ನೂ ಹೇರ್‌ಪಿನ್! ಡಾಕ್ಟರು ಮೊದಲು ಮುಟ್ಟಿದ್ದು ಸರಿ ಇದ್ದ ಕಿವಿಯನ್ನು. ಕಿವಿಯೊಳಗೆ ನೋಡುವ ಓಟೋಸ್ಕೋಪಿನ ಬೆಳಕು ನೋವು ಮಾಡುವುದಿಲ್ಲ ಅಂತ ಮಗುವಿಗೆ ತಿಳಿಯಲಿ ಅಂತ. ಆಮೇಲೆ ಅಮ್ಮನಿಗೆ ಕೂರುವ ಕ್ರಮ ತೋರಿಸಿದೆವು. ಮಗು ಮಡಿಲಲ್ಲಿ, ಮಗುವಿನ ಕಾಲು ಅಮ್ಮನ ಎರಡು ಮೊಣಕಾಲಿನ ನಡುವೆ. ಅಮ್ಮನ ಒಂದು ಕೈ ಮಗುವಿನ ಎರಡೂ ಕೈಯ ಮೇಲೆ ಬಿಗಿಯಾಗಿ, ಇನ್ನೊಂದು ಕೈ ಹಣೆಯ ಮೇಲೆ, ತಲೆ ಎದೆಗೆ ಒತ್ತಿ. ಅಮ್ಮಂದಿರಿಗೆ ಇಷ್ಟು ಗಟ್ಟಿ ಹಿಡಿಯಲು ಮನಸ್ಸು ಬರುವುದಿಲ್ಲ. ಆದರೆ ಅಪಾಯ ಇರುವುದು ಸಡಿಲ ಹಿಡಿತದಲ್ಲಿ. ಸಲಕರಣೆ ಒಳಗಿರುವಾಗ ತಲೆ ಒಂದು ಚೂರು ತಿರುಗಿದರೂ ಚರ್ಮ ಗೀರುತ್ತದೆ.

ಮುತ್ತನ್ನು ಚಿಮಟದಲ್ಲಿ ಹಿಡಿಯಲು ಹೋಗಬಾರದು. ದುಂಡಗೆ, ನುಣ್ಣಗೆ ಇರುವುದು ಚಿಮಟದ ಬಾಯಿಂದ ಜಾರಿ ಒಳಗೇ ಹೋಗುತ್ತದೆ. ಅದಕ್ಕೆ ತುದಿ ಬಾಗಿದ, ಮೊಂಡಾದ ಸಣ್ಣ ಕೊಕ್ಕೆ ಬೇಕು. ಮಣಿಯ ಪಕ್ಕದಿಂದ ಹಿಂದೆ ತಲುಪಿಸಿ, ಹಿಂದಿನಿಂದ ಉರುಳಿಸಿ ತರುತ್ತಾರೆ. ಇಲ್ಲವೇ ಸಕ್ಷನ್, ಅಂದರೆ ಸಣ್ಣ ನಳಿಗೆಯಿಂದ ಹೀರಿ ತೆಗೆಯುವುದು. ಅದರ ಸದ್ದಿಗೆ ಮಕ್ಕಳು ಬೆಚ್ಚುತ್ತಾರೆ, ಹಾಗಾಗಿ ಮೊದಲು ಅಂಗೈಗೆ ತಾಗಿಸಿ ತೋರಿಸುತ್ತಿದ್ದೆವು. ಮರಳು, ಸಣ್ಣ ಚೂರು ಆಗಿದ್ದರೆ ಮೈಯಷ್ಟೇ ಬೆಚ್ಚಗಿನ ನೀರನ್ನು ಸಿರಿಂಜಿನಿಂದ ಬಿಡುತ್ತಾರೆ. ತಣ್ಣೀರು ಹಾಕಿದರೆ ತಲೆ ಸುತ್ತುತ್ತದೆ. ಕಿವಿಯೊಳಗೆ ಕೊಕ್ಕೆ ತಾಗಿದಾಗ ಕೆಲವು ಮಕ್ಕಳು ಕೆಮ್ಮುತ್ತಾರೆ. ಆ ಹುಡುಗಿಯೂ ಕೆಮ್ಮಿದಳು. “ಇವಳಿಗೆ ಶೀತ ಬೇರೆ ಆಯ್ತಾ?” ಅಂದರು ಅಜ್ಜಿ. ಶೀತ ಅಲ್ಲ. ಗಂಟಲು, ಶ್ವಾಸಕೋಶಕ್ಕೆ ಹೋಗುವ ನರದ ಒಂದು ಕವಲು ಕಿವಿಗೂ ಬರುತ್ತದೆ, ಅದರ ಕೆಲಸ.

ಮುತ್ತು ಬಂತು. ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಆ ಕಿವಿಯನ್ನು ಮತ್ತೊಮ್ಮೆ, ಇನ್ನೊಂದು ಕಿವಿಯನ್ನು, ಮೂಗಿನ ಎರಡೂ ಹೊಳ್ಳೆಯನ್ನು ನೋಡಿದರು. ಒಂದು ಕಡೆ ಹಾಕಿಕೊಂಡ ಮಗು ಇನ್ನೊಂದು ಕಡೆಯೂ ಹಾಕಿಕೊಂಡಿರಬಹುದು. ನಿಮ್ಮ ಮಗುವಿಗೆ ಹೀಗೆ ನೋಡದಿದ್ದರೆ ನೀವೇ ಕೇಳಿ, ಸಂಕೋಚ ಬೇಡ. ಆ ಹುಡುಗಿ ಮಾತ್ರ ಕಣ್ಣೊರೆಸಿಕೊಂಡು ಮುತ್ತು ವಾಪಸ್ ಕೊಡಿ ಅಂದಳು.

ಎಲ್ಲ ಸಲವೂ ಹೀಗೆ ಸುಲಭದಲ್ಲಿ ಮುಗಿಯುವುದಿಲ್ಲ. ಮೊದಲ ಪ್ರಯತ್ನಕ್ಕೆ ಬರುವ ಅವಕಾಶ ಜಾಸ್ತಿ. ಆಮೇಲೆ ಒಂದೊಂದು ಸಲ ಕೈ ಹಾಕಿದಾಗಲೂ ಕಿವಿ ಊದುತ್ತದೆ, ರಕ್ತ ಬರುತ್ತದೆ, ಮಗು ಹೆದರಿ ಇನ್ನಷ್ಟು ಕೊಸರುತ್ತದೆ. ಮನೆಯಲ್ಲೇ ಪಿನ್ನು ಹಾಕಿ ಬಂದಿದ್ದರೆ ಆ ಮೊದಲ ಅವಕಾಶ ಅಲ್ಲೇ ಹೋಯಿತು ಅಂತ ಲೆಕ್ಕ. ಆಗ ಡಾಕ್ಟರು ಕೈ ಹಿಂದೆ ತೆಗೆದು, ಅರಿವಳಿಕೆ ಕೊಟ್ಟು ಆಪರೇಷನ್ ಥಿಯೇಟರಿನಲ್ಲಿ ತೆಗೆಯೋಣ ಅನ್ನಬಹುದು. “ಇಷ್ಟು ಸಣ್ಣ ಮಣಿಗೆ ಆಪರೇಷನ್ನಾ? ದುಡ್ಡು ಮಾಡಲಿಕ್ಕೆ” ಅಂತ ಹೊರಗೆ ಬೆಂಚಿನಲ್ಲಿ ಕೂತು ಹೇಳುವ ಮಾವಂದಿರನ್ನು ಬೇಕಾದಷ್ಟು ಕೇಳಿದ್ದೇನೆ. ನನ್ನ ಪ್ರಕಾರ, ಇದು ಇಲ್ಲಿ ಆಗುವುದಿಲ್ಲ ಅಂತ ಸರಿಯಾದ ಹೊತ್ತಿಗೆ ಹೇಳುವ ಡಾಕ್ಟರೇ ಒಳ್ಳೆಯ ಡಾಕ್ಟರು. ನಾಲ್ವರು ಸೇರಿ ಮಗುವನ್ನು ಅದುಮಿ ಹಿಡಿದು ಮತ್ತೆ ಮತ್ತೆ ಕೆದಕುವುದಕ್ಕಿಂತ ಕೆಲವು ನಿಮಿಷದ ನಿದ್ದೆ ವಾಸಿ.

ಇದರ ಜೊತೆ ಯಾರಿಗೂ ತೋಚದ ಒಂದು ಸಂಗತಿ ಇದೆ. ಅಳುವ ಮಗುವನ್ನು ಸಮಾಧಾನ ಮಾಡಲು ದಾರಿಯಲ್ಲಿ ಗಾಡಿ ನಿಲ್ಲಿಸಿ ಬಿಸ್ಕೆಟು, ಬನ್ಸು ಕೊಡಿಸುತ್ತಾರೆ. ಅರಿವಳಿಕೆ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಊಟ ತಿಂಡಿ ಆಗಿ ಆರು ಗಂಟೆ, ಬರೀ ನೀರಾದರೆ ಎರಡು ಗಂಟೆ ಕಳೆದಿರಬೇಕು. ಒಂದು ಬನ್ಸಿನಿಂದಾಗಿ ಅರ್ಧ ದಿನ ವಾರ್ಡಿನಲ್ಲಿ ಕಾಯಬೇಕಾಗಬಹುದು. ಡಾಕ್ಟರು ನೋಡಿ ಹೇಳುವ ತನಕ ಏನೂ ಕೊಡಬೇಡಿ. ಕೊನೆಗೆ ತಿಂದದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಳ್ಳಿ.

ಬೈಯುವುದು, ಹೊಡೆಯುವುದಂತೂ ಬೇಡವೇ ಬೇಡ. ಬೈಸಿಕೊಂಡ ಮಗು ಮುಂದಿನ ಸಲ ಮಣಿ ಹಾಕಿಕೊಳ್ಳುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತದೆ.

ಆಟಿಕೆಯ ವಿಷಯ ಒಂದೇ ಮಾತು. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ತೇರಿನ ದಿನ ಸಂತೆಯಲ್ಲಿ ಕೊಳ್ಳುವಾಗ ಅದನ್ನು ಯಾರು ನೋಡುತ್ತಾರೆ? ಕನಿಷ್ಠ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯಾ ಅಂತ ನೋಡಿ. ಫ್ರಾಕಿನ ಮುತ್ತು ಎಳೆದರೆ ಕೈಗೆ ಬರುತ್ತದಾ ಅಂತ ಎಳೆದು ನೋಡಿ.

ಮಣಿ ತೆಗೆದ ಮೇಲೆ ಕಿವಿಯ ಚರ್ಮ ಗೀರಿದ್ದರೆ ಕೆಲವು ದಿನಕ್ಕೆ ಡ್ರಾಪ್ಸ್ ಬರೆದುಕೊಡುತ್ತಾರೆ. ಬಾಟಲಿಯನ್ನು ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ತಣ್ಣಗಿದ್ದರೆ ಮಗುವಿಗೆ ತಲೆ ಸುತ್ತುತ್ತದೆ, ಮಾರನೇ ದಿನ ಹಾಕಲು ಬಿಡುವುದಿಲ್ಲ. ಆ ಕಿವಿ ಮೇಲೆ ಮಾಡಿ ಮಲಗಿಸಿ, ಹನಿ ಹಾಕಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇರಲಿ. ತಲೆಗೆ ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಹೊರಬಾಯಿಗೆ ಇಡಿ, ಸ್ನಾನ ಆದ ಕೂಡಲೇ ತೆಗೆಯಿರಿ. ಡಾಕ್ಟರು ಹೇಳುವ ತನಕ ಸಮುದ್ರ, ಕೆರೆ ಬೇಡ. ನೋವು ಜಾಸ್ತಿ ಆದರೆ, ಕೀವು ಬಂದರೆ, ಕೇಳುವುದು ಕಡಿಮೆ ಅನ್ನಿಸಿದರೆ ಮುಂದಿನ ತಾರೀಖಿಗೆ ಕಾಯದೆ ಆಗಲೇ ಕರೆದುಕೊಂಡು ಬನ್ನಿ. ಹತ್ತಿ ಒಳಗೆ ಉಳಿಯದ ಹಾಗೂ ನೋಡಿಕೊಳ್ಳಿ. ಅದನ್ನು ತೆಗೆಸಲಿಕ್ಕೆಂದೇ ಬಂದವರೂ ಇದ್ದಾರೆ.

ನಮಸ್ಕಾರ.