ಭಕ್ತಿ ಮೇಲೋ, ಜ್ಞಾನ ಮೇಲೋ? ಜ್ಞಾನದ ಪಕ್ಷದವರೇ ಕೊಟ್ಟ ಒಂದು ತೀರ್ಪು

ನಮಸ್ಕಾರ. ದೇವರನ್ನು ಪ್ರೀತಿಸಿ ಸೇರಬೇಕೋ, ತಿಳಿದು ಸೇರಬೇಕೋ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅರ್ಜುನನ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಜ್ಞಾನದ ದಾರಿ ಹಿಡಿದು ನಿರಾಕಾರವಾದ ಅವ್ಯಕ್ತವನ್ನು ಉಪಾಸಿಸುವವರೂ ತನ್ನನ್ನೇ ಸೇರುತ್ತಾರೆ, ಆದರೆ ಅವರಿಗೆ ಕ್ಲೇಶ ಹೆಚ್ಚು ಎಂದು ಗೀತೆಯ 12ನೆಯ ಅಧ್ಯಾಯದಲ್ಲಿ ಕೃಷ್ಣನು ಹೇಳುತ್ತಾನೆ. ಈ ಪಾಠ ನಿಮಗೆ ಗೊತ್ತಿರುವುದೇ ಆದ್ದರಿಂದ, ನೇರವಾಗಿ 13ನೆಯ ಶತಮಾನದ ಯುರೋಪಿಗೆ ಹೋಗೋಣ.

ಅಲ್ಲಿನ ಎರಡು ಕ್ರೈಸ್ತ ಸಂನ್ಯಾಸಿ ಪಂಗಡಗಳಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಫ್ರಾನ್ಸಿಸ್ಕನ್ನರು ಪ್ರೀತಿಯ ಪಕ್ಷ, ಡೊಮಿನಿಕನ್ನರು ಜ್ಞಾನದ ಪಕ್ಷ. ಪರಮಸುಖವೆಂದರೆ ದೇವರನ್ನು ಬುದ್ಧಿಯಿಂದ ಕಾಣುವುದೇ ಎಂದು ವಾದಿಸಿದ ಸಂತ ಥಾಮಸ್ ಅಕ್ವಿನಾಸ್ ಡೊಮಿನಿಕನ್ನರ ಮಹಾಪಂಡಿತರು. ಅಂಥವರೇ, ಈ ಬದುಕಿನಲ್ಲಿ ಮಾತ್ರ ದೇವರನ್ನು ತಿಳಿಯುವುದಕ್ಕಿಂತ ಪ್ರೀತಿಸುವುದು ಮೇಲು ಎಂದು ಬರೆದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಕೊಟ್ಟ ಕಾರಣ. ನಾವು ಒಂದನ್ನು ತಿಳಿದಾಗ ಅದು ನಮ್ಮೊಳಗೆ, ನಮ್ಮ ಬುದ್ಧಿಯ ಅಳತೆಗೆ ತಕ್ಕಂತೆ ಬರುತ್ತದೆ. ಪ್ರೀತಿಸಿದಾಗಲಾದರೋ ನಾವೇ ಅದರತ್ತ, ಅದು ಇದ್ದಂತೆಯೇ ಅದರತ್ತ ಸಾಗುತ್ತೇವೆ. ಸಮುದ್ರವನ್ನು ಮನೆಗೆ ತರಹೊರಟವನಿಗೆ ದಕ್ಕುವುದು ತಂಬಿಗೆಯಷ್ಟು ನೀರು. ಸಮುದ್ರಕ್ಕೇ ಇಳಿದವನ ಲೆಕ್ಕ ಬೇರೆ. ಆದ್ದರಿಂದ ನಮಗಿಂತ ದೊಡ್ಡದನ್ನು ಪ್ರೀತಿಸುವುದು ಮೇಲು, ನಮಗಿಂತ ಕೆಳಗಿನ ಜಡವಸ್ತುಗಳನ್ನು ತಿಳಿಯುವುದು ಮೇಲು. ಹೊಸ ಫೋನಿನ ಮೇಲೆ ಪ್ರಾಣವನ್ನೇ ಇಟ್ಟಿರುವವರು ಈ ವಾಕ್ಯವನ್ನು ಇನ್ನೊಮ್ಮೆ ಕೇಳಬಹುದು.

ಇದೇ ಅಕ್ವಿನಾಸ್ 1273ರ ಡಿಸೆಂಬರ್‌ನಲ್ಲಿ, ನೇಪಲ್ಸ್‌ನಲ್ಲಿ ಪೂಜೆ ಮುಗಿಸಿದ ಮೇಲೆ ಬರೆಯುವುದನ್ನೇ ನಿಲ್ಲಿಸಿದರು. ತನಗೆ ಆದ ದರ್ಶನದ ಮುಂದೆ ತಾನು ಬರೆದದ್ದೆಲ್ಲ ಒಣಹುಲ್ಲಿನಂತೆ ತೋರುತ್ತದೆ ಎಂದು ಅವರು ಹೇಳಿದರೆಂದು ಸಂಪ್ರದಾಯ ನೆನೆಯುತ್ತದೆ.

ಅದೇ ಶತಮಾನದಲ್ಲಿ ಬದುಕಿದ್ದ ನಮ್ಮ ಉಡುಪಿಯ ಮಧ್ವಾಚಾರ್ಯರು ಈ ಎರಡನ್ನು ಬೇರ್ಪಡಿಸಲು ಒಪ್ಪುವುದೇ ಇಲ್ಲ. ಭಗವಂತನ ಮಾಹಾತ್ಮ್ಯವನ್ನು ಅರಿತ ಮೇಲೆ ಹುಟ್ಟುವ, ಉಳಿದೆಲ್ಲಕ್ಕಿಂತ ಮಿಗಿಲಾದ ದೃಢಸ್ನೇಹವೇ ಭಕ್ತಿ ಎಂಬುದು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಅವರು ಕೊಡುವ ಲಕ್ಷಣ. ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿಯೂ ಮೋಕ್ಷಸಾಧನಗಳಲ್ಲಿ ಭಕ್ತಿಯೇ ದೊಡ್ಡದು ಎನ್ನುತ್ತದೆ. ಆದರೆ ಮರುಕ್ಷಣವೇ, ಭಕ್ತಿಯೆಂದರೆ ತನ್ನ ಸ್ವರೂಪದ ಅನುಸಂಧಾನ, ಅಂದರೆ ತಾನು ನಿಜವಾಗಿ ಏನೆಂಬುದರ ಚಿಂತನೆ, ಎಂದುಬಿಡುತ್ತದೆ. ಇದನ್ನು ಸಮನ್ವಯವೆಂದು ಕರೆಯಲು ನನಗೆ ಮನಸ್ಸಿಲ್ಲ; ಮಧ್ವರಲ್ಲಿ ಜ್ಞಾನವು ಪ್ರೀತಿಗೆ ಮೆಟ್ಟಿಲಾದರೆ, ಇಲ್ಲಿ ಜ್ಞಾನವು ಪ್ರೀತಿಯನ್ನು ಸದ್ದಿಲ್ಲದೆ ನುಂಗಿದೆ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಸೂಫಿಗಳಲ್ಲಿ ಮಹಬ್ಬತ್ ಮತ್ತು ಮಾರಿಫತ್, ಅಂದರೆ ಪ್ರೇಮ ಮತ್ತು ಅರಿವು, ಇವುಗಳಲ್ಲಿ ಯಾವುದು ಮುಂದಿನ ಹಂತ ಎಂಬ ಚರ್ಚೆಯಿದೆ. ಟಿಬೆಟಿನ ಬೌದ್ಧರ ಪೂಜೆಯಲ್ಲಿ, ನಮ್ಮ ಬೈಲುಕುಪ್ಪೆಯಲ್ಲೂ, ಲಾಮಾಗಳ ಬಲಗೈಯಲ್ಲಿ ಕರುಣೆಯ ಸಂಕೇತವಾದ ‘ವಜ್ರ’ ಎಂಬ ಲೋಹದ ಪೂಜಾಸಾಧನ, ಎಡಗೈಯಲ್ಲಿ ಪ್ರಜ್ಞೆಯ ಸಂಕೇತವಾದ ಗಂಟೆ ಇರುತ್ತವೆ. ಆದರೆ ಅಲ್ಲಿ ಆ ಕರುಣೆ ಹರಿಯುವುದು ಸೃಷ್ಟಿಕರ್ತನಾದ ದೇವರೊಬ್ಬನ ಕಡೆಗಲ್ಲ, ನೋಯುತ್ತಿರುವ ಸಕಲ ಜೀವಿಗಳ ಕಡೆಗೆ; ಹಾಗಾಗಿ ನಾವು ಹಿಡಿದುಕೊಂಡು ಹೊರಟ ಪ್ರಶ್ನೆಯನ್ನು ಅಲ್ಲಿ ಬೇರೆ ರೀತಿಯಲ್ಲೇ ಕೇಳಬೇಕಾಗುತ್ತದೆ.